ವಿ-ಕ್ರಾಸ್‌ಗೆ ದೊಡ್ಡ ಟೈರ್: ಯಾವ ಸೈಜ್, ಯಾವ ರಿಮ್, ಯಾರಿಗೆ?

ಮೇ ತಿಂಗಳು ಬಂದರೆ ನಮ್ಮ ಕಡೆ ಎರಡು ಮಾತು ಶುರುವಾಗುತ್ತವೆ. ಒಂದು ಮಳೆಯದ್ದು, ಇನ್ನೊಂದು ಟೈರಿನದ್ದು. ಮೂಡಿಗೆರೆ, ಸಕಲೇಶಪುರ, ಸೋಮವಾರಪೇಟೆ ಸುತ್ತ ಹಳೇ ಜೀಪಿನ ಪಕ್ಕದಲ್ಲಿ ಈಗ ಪಿಕಪ್ ನಿಂತಿರುತ್ತದೆ. ಜೂನ್ ಮಳೆ ಹಿಡಿಯುವ ಮುಂಚೆ ಒಬ್ಬರಲ್ಲ ಒಬ್ಬರು ಫೋನ್ ಮಾಡುತ್ತಾರೆ. "ಅಣ್ಣ, ದೊಡ್ಡ ಟೈರ್ ಹಾಕಿಸ್ಬೇಕು, ಯಾವುದು ಒಳ್ಳೇದು?"

ನನ್ನದು ಇಸುಜು ಕಂಪನಿಯ ವಿ-ಕ್ರಾಸ್ ಪಿಕಪ್, ಕಂಪನಿಯಿಂದ 255/60 ಆರ್18 ಟೈರಿನಲ್ಲಿ ಬಂದಿದ್ದು. ಅದಕ್ಕೆ ನಾನು ಎರಡು ಸಲ ಟೈರ್, ರಿಮ್ ಬದಲಾಯಿಸಿದ್ದೇನೆ. ಮೊದಲ ಸಲ ತಪ್ಪಾಯಿತು, ದುಡ್ಡೂ ಹೋಯಿತು. ಎರಡನೇ ಸಲ ಸರಿಯಾಯಿತು. ಹಾಗಾಗಿ ಈ ಪ್ರಶ್ನೆಗೆ ಫೋನಿನಲ್ಲಿ ಎರಡು ಮಾತಲ್ಲಿ ಉತ್ತರ ಕೊಡೋಕೆ ನನಗೆ ಮನಸ್ಸು ಬರುವುದಿಲ್ಲ. ಲೆಕ್ಕ ಸಮೇತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಂಬರ್ ಓದೋಣ

255/60 ಆರ್18 ಅಂದರೆ ಟೈರ್ 255 ಮಿಲಿಮೀಟರ್ ಅಗಲ. ಅದರ ಪಕ್ಕೆಯ, ಅಂದರೆ ಸೈಡ್‌ವಾಲ್‌ನ ಎತ್ತರ ಆ ಅಗಲದ ಶೇಕಡಾ 60, ಅಂದರೆ 153 ಮಿ.ಮೀ. ರಿಮ್ 18 ಇಂಚು, ಅಂದರೆ ಸುಮಾರು 457 ಮಿ.ಮೀ. ಮೇಲಿನ ಪಕ್ಕೆ, ಕೆಳಗಿನ ಪಕ್ಕೆ, ನಡುವಿನ ರಿಮ್ ಮೂರನ್ನೂ ಕೂಡಿಸಿದರೆ ಚಕ್ರದ ಒಟ್ಟು ಎತ್ತರ 763 ಮಿ.ಮೀ. ಯಾವ ಸೈಜ್‌ಗೆ ಬೇಕಾದರೂ ಈ ಲೆಕ್ಕ ನೀವೇ ಹಾಕಬಹುದು. ಅಂಗಡಿಯಲ್ಲಿ "ಇದು 31 ಇಂಚು, ಅದು 33 ಇಂಚು" ಅಂತ ಹೇಳುವ ಮುಂಚೆ ಮನೆಯಲ್ಲೇ ಹಾಕಿಕೊಂಡು ಹೋಗಿ.

ನಮ್ಮ ಕಡೆ ಜನ ಕೇಳುವ ಸೈಜ್‌ಗಳು ಇವು. ಮೊದಲು ಒಟ್ಟು ಎತ್ತರ, ಆಮೇಲೆ ಪಕ್ಕೆ:

245/70 ಆರ್16 — 749 ಮಿ.ಮೀ., ಪಕ್ಕೆ 172
255/60 ಆರ್18 — 763 ಮಿ.ಮೀ., ಪಕ್ಕೆ 153
245/75 ಆರ್16 — 774 ಮಿ.ಮೀ., ಪಕ್ಕೆ 184
265/60 ಆರ್18 — 775 ಮಿ.ಮೀ., ಪಕ್ಕೆ 159
265/65 ಆರ್17 — 776 ಮಿ.ಮೀ., ಪಕ್ಕೆ 172
265/70 ಆರ್17 — 803 ಮಿ.ಮೀ., ಪಕ್ಕೆ 186
285/70 ಆರ್17 — 831 ಮಿ.ಮೀ., ಪಕ್ಕೆ 200

ನಡುವಿನ ಮೂರು ಸಾಲು ಇನ್ನೊಮ್ಮೆ ನೋಡಿ. 774, 775, 776. ಎತ್ತರದಲ್ಲಿ ಮೂರೂ ಒಂದೇ. ಆದರೆ ಗುಣ ಮೂರಕ್ಕೂ ಬೇರೆ ಬೇರೆ. ಹೆಚ್ಚಿನವರ ಆಯ್ಕೆ ಈ ಮೂರರೊಳಗೇ ಮುಗಿಯಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನೊಂದು ಮಾತು. ಟೈರ್ ಎಷ್ಟು ಎತ್ತರವಾಯಿತೋ ಅದರಲ್ಲಿ ಅರ್ಧ ಮಾತ್ರ ಗಾಡಿಗೆ ಸಿಗುವುದು, ಯಾಕಂದರೆ ಇನ್ನರ್ಧ ಆಕ್ಸಲ್‌ನ ಮೇಲಕ್ಕೆ ಹೋಗುತ್ತದೆ. 763ರಿಂದ 776ಕ್ಕೆ ಹೋದರೆ ಗ್ರೌಂಡ್ ಕ್ಲಿಯರೆನ್ಸ್ ಸಿಕ್ಕುವುದು ಆರೂವರೆ ಮಿ.ಮೀ. ಅಷ್ಟೇ. 803ಕ್ಕೆ ಹೋದರೆ 20. 831ಕ್ಕೆ ಹೋದರೆ 34. ಇದನ್ನು ಮನಸ್ಸಲ್ಲಿಟ್ಟುಕೊಂಡು ಮುಂದೆ ಓದಿ.

ನಮ್ಮ ಕೆಸರಿಗೆ ಅಗಲ ಬೇಕಾ?

ದೊಡ್ಡಪ್ಪನ ಹಳೇ ಜೀಪಿಗೆ 6.00-16 ಟೈರ್ ಇತ್ತು. ಆರು ಇಂಚು ಅಗಲ, ನೋಡೋಕೆ ಎತ್ತಿನಗಾಡಿಯ ಚಕ್ರದ ಹಾಗೆ ಸಣಕಲು. ಜುಲೈ ತಿಂಗಳ ಜಡಿಮಳೆಯಲ್ಲಿ ಗೊಬ್ಬರದ ಚೀಲ, ಆಳುಗಳನ್ನು ಹೇರಿಕೊಂಡು ಅದು ಹತ್ತಿದ ಏರನ್ನು ಅಗಲ ಟೈರಿನ ಹೊಸ ಗಾಡಿಗಳು ಹತ್ತಲಾರದೆ ನಿಂತದ್ದನ್ನು ನಾನು ನೋಡಿದ್ದೇನೆ.

ಕಾರಣ ಮಣ್ಣಿನಲ್ಲಿದೆ. ತೋಟದ ದಾರಿಯಲ್ಲಿ ಕೆಸರು ಇರುವುದು ಮೇಲಿನ ನಾಲ್ಕಾರು ಇಂಚು. ಅದರ ಕೆಳಗೆ ಗಟ್ಟಿ ಜಂಬಿಟ್ಟಿಗೆ ನೆಲ. ಕಿರಿದಾದ ಟೈರ್ ಗಾಡಿಯ ತೂಕವನ್ನೆಲ್ಲ ಸಣ್ಣ ಜಾಗದ ಮೇಲೆ ಹಾಕಿ, ಕೆಸರನ್ನು ಸೀಳಿ, ಆ ಗಟ್ಟಿ ನೆಲವನ್ನು ಮುಟ್ಟುತ್ತದೆ. ಅಗಲ ಟೈರ್ ಕೆಸರಿನ ಮೇಲೆಯೇ ತೇಲಿ ಜಾರುತ್ತದೆ. ಅಗಲ ಟೈರ್ ಗೆಲ್ಲುವುದು ತಳವೇ ಸಿಗದ ಕಡೆ: ಗದ್ದೆಯ ಹುದುಲು, ಹೊಳೆ ದಂಡೆಯ ಮರಳು. ಅಲ್ಲಿ ತೇಲಿದರೇ ಒಳ್ಳೇದು. ನಿಮ್ಮ ದಾರಿ ಯಾವ ಥರದ್ದು ಅಂತ ನಿಮಗೇ ಗೊತ್ತಿರುತ್ತದೆ, ಅಲ್ವಾ? ಮಲೆನಾಡಿನ ತೋಟದವರಲ್ಲಿ ಹೆಚ್ಚಿನವರದ್ದು ಮೊದಲನೇ ಥರದ್ದು.

ಹಾಗಾಗಿ 285 ಅಗಲದ ಟೈರ್ ನೋಡಿ ಆಸೆಪಡುವವರಿಗೆ ನಾನು ಮೊದಲು ಕೇಳುವುದು ಒಂದೇ ಮಾತು. ನಿಮ್ಮ ಕೆಸರಿನ ಕೆಳಗೆ ಏನಿದೆ?

ಅಗಲಕ್ಕಿಂತ ಮುಖ್ಯ ಗ್ರಿಪ್ಪಿನ ಥರ

ಕಂಪನಿಯಿಂದ ಬರುವುದು ಸಾಮಾನ್ಯವಾಗಿ ಹೈವೇ ಟೈರ್, ಅಂದರೆ ಎಚ್‌ಟಿ. ಸದ್ದಿಲ್ಲ, ಡಾಂಬರಿನಲ್ಲಿ ಚೆನ್ನಾಗಿ ಹಿಡಿಯುತ್ತದೆ. ಕೆಸರು ಕಂಡರೆ ಅದರ ಸಣ್ಣ ಸಾಲುಗಳಲ್ಲಿ ಮಣ್ಣು ತುಂಬಿಕೊಂಡು ಬೋಳು ಟೈರಿನಂತೆ ಆಗುತ್ತದೆ. ಎಟಿ, ಅಂದರೆ ಆಲ್ ಟೆರೇನ್, ನಡುವಿನದ್ದು. ಎಂಟಿ, ಅಂದರೆ ಮಡ್ ಟೆರೇನ್, ದೊಡ್ಡ ಬಟನ್‌ಗಳ ಟೈರ್. ತಿರುಗುವಾಗ ಮಣ್ಣನ್ನು ತಾನೇ ಎಸೆಯುತ್ತದೆ.

ಎಂಟಿ ಹಾಕಿಸಿಕೊಳ್ಳುವವರು ಒಂದು ವಿಷಯ ಯೋಚಿಸಬೇಕು. ನಮ್ಮ ಗಾಡಿ ತೋಟದಲ್ಲಿ ಓಡುವುದು ಎರಡು ಕಿಲೋಮೀಟರ್. ಉಳಿದಂತೆ ಚಾರ್ಮಾಡಿ, ಶಿರಾಡಿ, ಹಾಸನ ರಸ್ತೆ. ಒದ್ದೆ ಡಾಂಬರಿನ ಮೇಲೆ ಎಂಟಿಯ ರಬ್ಬರ್ ನೆಲಕ್ಕೆ ತಾಗುವುದು ಕಡಿಮೆ, ಬ್ರೇಕ್ ಹಾಕಿದಾಗ ನಿಲ್ಲೋಕೆ ಜಾಸ್ತಿ ದೂರ ಬೇಕು. ಮಳೆಯಲ್ಲಿ ಘಾಟಿ ಇಳಿಯುವಾಗ ಎದುರಿಗೆ ಬಸ್ ಬಂದರೆ ಆ ದೂರ ನಿಮ್ಮ ಹತ್ತಿರ ಇರುವುದಿಲ್ಲ. ಮನೆಯವರನ್ನು ಕೂರಿಸಿಕೊಂಡು ಓಡಾಡುವ ಗಾಡಿಗೆ ಎಂಟಿ ಬೇಡ. ಇದನ್ನು ನಾನು ಯಾರಿಗಾದರೂ ಖಡಾಖಂಡಿತವಾಗಿ ಹೇಳುತ್ತೇನೆ.

ಎಷ್ಟೋ ಜನರ ಸಮಸ್ಯೆ ಅದೇ ಸೈಜ್‌ನಲ್ಲಿ ಎಚ್‌ಟಿ ತೆಗೆದು ಎಟಿ ಹಾಕಿದರೆ ಅಲ್ಲಿಗೇ ಮುಗಿಯುತ್ತದೆ. ದುಡ್ಡು ಹಿಡಿತದಲ್ಲಿದ್ದರೆ ಮೊದಲು ಅದನ್ನೇ ಮಾಡಿ.

ಮೂರು ದಾರಿ, ಒಂದೇ ಎತ್ತರ

265/60 ಆರ್18 ಎಲ್ಲಕ್ಕಿಂತ ಸುಲಭ. ಈಗಿರುವ 18 ಇಂಚಿನ ಅಲಾಯ್ ಮೇಲೆಯೇ ಕೂರುತ್ತದೆ, ರಿಮ್ ಖರ್ಚಿಲ್ಲ. ಟೊಯೋಟಾದ ಹೈಲಕ್ಸ್ ಪಿಕಪ್‌ನ ಮೇಲಿನ ಮಾಡೆಲ್‌ಗೂ 4x4 ಫಾರ್ಚೂನರ್‌ಗೂ ಇದೇ ಸೈಜ್ ಬರುವುದರಿಂದ ಹಾಸನದಲ್ಲೂ ಚಿಕ್ಕಮಗಳೂರಲ್ಲೂ ಸಿಗುತ್ತದೆ. ಎಟಿಯಲ್ಲಿ ಆಯ್ಕೆಯೂ ಜಾಸ್ತಿ. ಆದರೆ ಪಕ್ಕೆ ಹೆಚ್ಚುವುದು ಬರೀ ಆರು ಮಿ.ಮೀ. ಕಲ್ಲು, ಬೇರು, ಗುಂಡಿಯ ಅಂಚಿಗೆ ರಿಮ್ ಬಡಿಯುವ ಭಯ ಹಾಗೇ ಉಳಿಯುತ್ತದೆ. ಬೆಂಗಳೂರು, ಮೈಸೂರಿನಲ್ಲಿದ್ದು ತಿಂಗಳಿಗೊಮ್ಮೆ ತೋಟಕ್ಕೆ ಬರುವವರಿಗೆ ಇದು ಸಾಕು.

265/65 ಆರ್17ಗೆ ಹೋದರೆ ರಿಮ್ ಒಂದು ಇಂಚು ಸಣ್ಣದು, ಪಕ್ಕೆ 19 ಮಿ.ಮೀ. ದೊಡ್ಡದು. ಇದು ಹೈಲಕ್ಸ್‌ನ ಕೆಳಗಿನ ಮಾಡೆಲ್‌ನ ಸೈಜ್. ಗುಂಡಿಗೆ ಬಿದ್ದಾಗ ವ್ಯತ್ಯಾಸ ಮೈಗೇ ಗೊತ್ತಾಗುತ್ತದೆ. ಹೈವೇಯಲ್ಲಿ ತಿರುವು ತೆಗೆದುಕೊಳ್ಳುವಾಗ ಗಾಡಿ ಚೂರು ಮೆತ್ತಗೆ ಅನ್ನಿಸಬಹುದು. ವಾರಕ್ಕೆರಡು ಸಲ ಹೈವೇ, ದಿನಾ ಹಳ್ಳಿ ರಸ್ತೆ ಅನ್ನುವವರಿಗೆ ನಾನು ಇದನ್ನೇ ಹೇಳುವುದು.

ಮೂರನೆಯದನ್ನು ಅಂಗಡಿಯವರು ತಾವಾಗಿ ಹೇಳುವುದು ಕಡಿಮೆ. ಹೈ-ಲ್ಯಾಂಡರ್ ಅಂತ ಇಸುಜುವಿನದೇ ಇನ್ನೊಂದು ಮಾಡೆಲ್ ಇದೆಯಲ್ಲ, ಅದು 16 ಇಂಚಿನ ಸ್ಟೀಲ್ ರಿಮ್ ಮೇಲೆ 245/70 ಆರ್16 ಟೈರಿನಲ್ಲಿ ಬರುತ್ತದೆ. ಆ ರಿಮ್ ಮೇಲೆ 245/75 ಆರ್16 ಎಟಿ ಹಾಕಿ. 2020ರಲ್ಲಿ ಬಂದ ಥಾರ್‌ನ ಎಎಕ್ಸ್ ಮಾಡೆಲ್‌ಗೆ ಬಂದ ಸೈಜ್ ಇದು, ಹಾಗಾಗಿ ನಮ್ಮ ಮಾರ್ಕೆಟ್ಟಿಗೆ ಹೊಸದಲ್ಲ. ಅಗಲ ಕಂಪನಿ ಟೈರಿಗಿಂತ 10 ಮಿ.ಮೀ. ಕಡಿಮೆ, ಪಕ್ಕೆ 31 ಮಿ.ಮೀ. ಜಾಸ್ತಿ. ದೊಡ್ಡಪ್ಪನ ಜೀಪಿನ ಬುದ್ಧಿಯೇ ಇದು.

ನನ್ನ ಗಾಡಿಯಲ್ಲಿ ಈಗ ಇರುವುದು ಇದೇ. ಎತ್ತರದ ಪಕ್ಕೆ ಇರುವುದರಿಂದ ಕೆಸರಿಗೆ ಇಳಿಯುವ ಮುಂಚೆ ಗಾಳಿಯನ್ನು 20 ಪಿಎಸ್‌ಐ ಆಸುಪಾಸಿಗೆ ಇಳಿಸುತ್ತೇನೆ. ಟೈರ್ ಉದ್ದಕ್ಕೆ ಹರಡಿ ನೆಲ ಹಿಡಿಯುತ್ತದೆ. 18 ಇಂಚಿನ ರಿಮ್‌ನಲ್ಲಿ ಅಷ್ಟು ಇಳಿಸಿದರೆ ಮೊದಲ ಕಲ್ಲಿಗೇ ರಿಮ್ ಏಟು ತಿನ್ನುತ್ತದೆ. ಗಾಳಿ ಇಳಿಸಿದಾಗ ನಿಧಾನ ಓಡಿಸಬೇಕು, ಡಾಂಬರಿಗೆ ಬಂದ ತಕ್ಷಣ ತುಂಬಿಸಬೇಕು. 12 ವೋಲ್ಟಿನ ಸಣ್ಣ ಕಂಪ್ರೆಸರ್ ಸೀಟಿನ ಕೆಳಗೆ ಇಟ್ಟುಕೊಂಡಿರಿ.

ಸ್ಟೀಲ್ ರಿಮ್ ನೋಡೋಕೆ ಅಷ್ಟು ಚೆಂದವಿಲ್ಲ ಅನ್ನುತ್ತಾರೆ. ಇರಲಿ. ಸ್ಟೀಲ್ ರಿಮ್ ಏಟು ತಿಂದರೆ ಬಾಗುತ್ತದೆ, ಬಡಿದು ನೇರ ಮಾಡಿ ಮನೆ ಸೇರಬಹುದು. ಅಲಾಯ್ ಬಿರುಕು ಬಿಟ್ಟರೆ ಅಲ್ಲೇ ನಿಲ್ಲಬೇಕು. ಪೂರ್ತಿ ಸೆಟ್ ಕೊಳ್ಳುವ ಮುಂಚೆ ಒಂದು 16 ಇಂಚಿನ ರಿಮ್ ಮುಂದಿನ ಚಕ್ರಕ್ಕೆ ಹಾಕಿ ಕೈಯಲ್ಲಿ ತಿರುಗಿಸಿ ನೋಡಿ. ಬ್ರೇಕ್ ಕ್ಯಾಲಿಪರ್‌ಗೆ ಎಲ್ಲೂ ತಾಗಬಾರದು.

803 ಮಿ.ಮೀ.: ನಾನು ಮೊದಲು ಹೋದ ದಾರಿ

265/70 ಆರ್17 ಜೊತೆಗೆ ಎರಡು ಇಂಚಿನ ಲಿಫ್ಟ್ ಕಿಟ್. ಎಷ್ಟೋ ಜನರ ಕನಸಿನ ಸೆಟಪ್ ಇದು. ನಾನೂ ಎರಡು ಮಳೆಗಾಲ ಓಡಿಸಿದೆ.

ಇದರಲ್ಲಿ ನಿಜವಾದ ಲಾಭ ಒಂದಿದೆ, ಅದನ್ನು ಮುಚ್ಚಿಡುವುದಿಲ್ಲ. ತೋಟದ ದಾರಿಯಲ್ಲಿ ಎರಡು ಚಕ್ರದ ಜಾಡು ಆಳವಾಗಿ, ನಡುವೆ ದಿಬ್ಬ ಎದ್ದಿರುತ್ತದೆ. ಆ ದಿಬ್ಬಕ್ಕೆ ಮೊದಲು ತಾಗುವುದು ಹಿಂದಿನ ಡಿಫರೆನ್ಷಿಯಲ್‌ನ ಗುಂಡು, ಅಂದರೆ ಹಿಂದಿನ ಆಕ್ಸಲ್‌ನಲ್ಲಿ ಕೆಳಕ್ಕೆ ಉಬ್ಬಿರುವ ಗೇರಿನ ಡಬ್ಬಿ. ವಿ-ಕ್ರಾಸ್, ಹೈಲಕ್ಸ್ ಎರಡರಲ್ಲೂ ಹಿಂದೆ ಇರುವುದು ಎಲೆ ಸ್ಪ್ರಿಂಗ್ ಮೇಲಿನ ಗಟ್ಟಿ ಆಕ್ಸಲ್. ಲಿಫ್ಟ್ ಕಿಟ್ ಬಾಡಿಯನ್ನು ಎತ್ತುತ್ತದೆಯೇ ಹೊರತು ಆ ಗುಂಡನ್ನು ಒಂದು ಕೂದಲಷ್ಟೂ ಎತ್ತುವುದಿಲ್ಲ. ಅದನ್ನು ಎತ್ತುವುದು ಟೈರ್ ಮಾತ್ರ. ಆ 20 ಮಿ.ಮೀ. ಅಲ್ಲಿ ಲೆಕ್ಕಕ್ಕೆ ಬರುತ್ತದೆ.

ಇನ್ನು ಈ ಲಾಭಕ್ಕೆ ತೆರುವ ಬೆಲೆ. 763ರಿಂದ 803 ಅಂದರೆ ಶೇಕಡಾ 5.2 ಜಾಸ್ತಿ. ಎಂಜಿನ್ನಿಗೆ ಇದು ಎತ್ತರದ ಗೇರ್ ಹಾಕಿದ ಹಾಗೆ. 1.9 ಲೀಟರ್ ವಿ-ಕ್ರಾಸ್‌ನ 360 ನ್ಯೂಟನ್ ಮೀಟರ್ ಟಾರ್ಕ್ ನೆಲಕ್ಕೆ ಮುಟ್ಟುವಾಗ 342 ಇದ್ದಂತೆ ಆಗುತ್ತದೆ. ಮೂರನೇ ಗೇರಿನಲ್ಲಿ ಏರುತ್ತಿದ್ದ ತಿರುವಿನಲ್ಲಿ ಎರಡಕ್ಕೆ ಇಳಿಸಬೇಕಾಗುತ್ತಿತ್ತು. ಬ್ರೇಕಿಗೂ ಅದೇ ಲೆಕ್ಕ. ಚಕ್ರ ದೊಡ್ಡದಾದಷ್ಟು ಅದೇ ಡಿಸ್ಕ್ ಜಾಸ್ತಿ ಹೆಣಗಬೇಕು. ತೂಕದ ಟೈರ್ ಬೇರೆ.

ಸ್ಪೀಡೋಮೀಟರ್ 80 ತೋರಿಸಿದಾಗ ಮೊದಲಿಗಿಂತ ಸುಮಾರು 4 ಕಿ.ಮೀ. ಜಾಸ್ತಿ ವೇಗದಲ್ಲಿ ಹೋಗುತ್ತಿರುತ್ತೀರಿ. ಮೈಲೇಜ್ ವಿಷಯದಲ್ಲಿ ಎಲ್ಲರೂ ಒಂದು ಕಡೆ ಎಡವುತ್ತಾರೆ. ಕಿಲೋಮೀಟರ್ ಎಣಿಕೆಯೂ ಶೇಕಡಾ 5 ಕಡಿಮೆ ತೋರಿಸುತ್ತದೆ. ನನ್ನ ಗಾಡಿ ಲೀಟರಿಗೆ 12.6 ಕೊಡುತ್ತಿದ್ದದ್ದು 11.4ಕ್ಕೆ ಬಿತ್ತು. ಎಣಿಕೆ ಸರಿ ಮಾಡಿ ನೋಡಿದರೆ ಅದು 12. ನಷ್ಟದಲ್ಲಿ ಅರ್ಧ ಮಾತ್ರ ನಿಜ, ಇನ್ನರ್ಧ ಮೀಟರಿನದ್ದು.

ಹೋಲಿಸಿದರೆ 775ರ ಆಸುಪಾಸಿನ ಮೂರು ಸೈಜ್‌ನಲ್ಲಿ ವ್ಯತ್ಯಾಸ ಶೇಕಡಾ 2ಕ್ಕಿಂತ ಕಡಿಮೆ. ಕಂಪನಿ ಮೀಟರ್‌ಗಳು ನಿಜಕ್ಕಿಂತ ಸ್ವಲ್ಪ ಜಾಸ್ತಿ ವೇಗ ತೋರಿಸುವ ಹಾಗೆ ಮಾಡಿರುತ್ತಾರೆ. ಹಾಗಾಗಿ ಅಷ್ಟು ಸಣ್ಣ ವ್ಯತ್ಯಾಸದಿಂದ ತೊಂದರೆಯಿಲ್ಲ. ಶೇಕಡಾ 3 ದಾಟಬೇಡಿ ಅಂತ ಟೈರ್ ಕೆಲಸದವರು ಹೇಳುವ ಮಾತು ಒಳ್ಳೆಯ ಗೆರೆ.

285/70 ಆರ್17 ಬಗ್ಗೆ ಹೆಚ್ಚು ಬರೆಯುವುದಿಲ್ಲ. ಶೇಕಡಾ 9ರ ಹತ್ತಿರ ಜಾಸ್ತಿ. ಲಿಫ್ಟ್ ಜೊತೆಗೆ ಮಡ್‌ಗಾರ್ಡ್ ಒಳಗಿನ ಪ್ಲಾಸ್ಟಿಕ್, ಬಂಪರ್ ಅಂಚು ಕತ್ತರಿಸಬೇಕು. ರ‍್ಯಾಲಿಗೆ ಬೇರೆ ಗಾಡಿ ಕಟ್ಟುವವರ ಮಾತು ಅದು. 20 ಇಂಚಿನ ರಿಮ್ ಇನ್ನೊಂದು ತುದಿ. 265/50 ಆರ್20 ಹಾಕಿದರೆ ಎತ್ತರ ಅದೇ 773, ಪಕ್ಕೆ ಮಾತ್ರ 133ಕ್ಕೆ ಇಳಿಯುತ್ತದೆ. ನಮ್ಮ ರಸ್ತೆಗಳಲ್ಲಿ ಅದು ದುಡ್ಡು ಕೊಟ್ಟು ತೊಂದರೆ ತಂದುಕೊಂಡ ಹಾಗೆ.

ರಿಮ್ ಕೊಳ್ಳುವಾಗ ಆಫ್‌ಸೆಟ್ ಕೇಳಿ

ನನಗೆ ಏಟು ಬಿದ್ದದ್ದು ಇಲ್ಲಿ. ಆರು ಬೋಲ್ಟ್, 139.7 ಪಿಸಿಡಿ (ಬೋಲ್ಟ್‌ಗಳು ಕೂರುವ ಸುತ್ತಿನ ಅಡ್ಡಳತೆ, ಮಿ.ಮೀ. ಲೆಕ್ಕದಲ್ಲಿ) ಅಂತ ನೋಡಿ 17 ಇಂಚಿನ ರಿಮ್ ತಂದೆ. ವಿ-ಕ್ರಾಸ್, ಹೈಲಕ್ಸ್ ಎರಡಕ್ಕೂ ಇದೇ ಬೋಲ್ಟ್ ಲೆಕ್ಕ. ಅಂಗಡಿಯವರು "ಕೂರುತ್ತೆ ಸಾರ್" ಅಂದರು, ಕೂತಿತು. ಆದರೆ ಅದರ ಆಫ್‌ಸೆಟ್ ಸೊನ್ನೆ.

ರಿಮ್‌ನ ಅಗಲದ ನಡುಗೆರೆಯಿಂದ, ಹಬ್‌ಗೆ (ಚಕ್ರ ಬಿಗಿಯುವ ಆಕ್ಸಲ್ ತುದಿಗೆ) ಕೂರುವ ಮುಖ ಎಷ್ಟು ದೂರ ಇದೆ ಅನ್ನುವುದೇ ಆಫ್‌ಸೆಟ್. ಕಂಪನಿ ರಿಮ್‌ನಲ್ಲಿ ಅದು +30ರ ಆಸುಪಾಸು ಇರುತ್ತದೆ. ಸೊನ್ನೆಯ ರಿಮ್ ಹಾಕಿದರೆ ಚಕ್ರ ಆ 30 ಮಿ.ಮೀ. ಹೊರಗೆ ಬರುತ್ತದೆ. ನಿಂತಾಗ ಗಾಡಿ ಗತ್ತಾಗಿ ಕಾಣುತ್ತದೆ, ಸರಿ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಹೊರಗೆ ಬಂದ ಚಕ್ರ ದೊಡ್ಡ ಸುತ್ತು ಹಾಕುತ್ತದೆ. ಮೊದಲ ಮಳೆಯಲ್ಲಿ ತೋಟದ ಗೇಟಿನ ಹತ್ತಿರ ಫುಲ್ ತಿರುಗಿಸಿ ರಿವರ್ಸ್ ತೆಗೆದಾಗ ಟೈರ್ ಮಡ್‌ಗಾರ್ಡ್ ಒಳಗಿನ ಪ್ಲಾಸ್ಟಿಕ್ಕನ್ನು ಹಿಡಿದು ಹರಿಯಿತು. ಕೆಸರು ಬಾಗಿಲಿನ ಹಿಡಿಕೆವರೆಗೂ ಹಾರುತ್ತಿತ್ತು. ಗುಂಡಿಗೆ ಬಿದ್ದಾಗ ಸ್ಟೇರಿಂಗ್ ಕೈಯನ್ನು ಎಳೆಯುತ್ತಿತ್ತು. ವೀಲ್ ಬೇರಿಂಗ್‌ಗೂ ಇದು ಒಳ್ಳೆಯದಲ್ಲ. ಲಿಫ್ಟ್ ಇದ್ದೂ ಪ್ರಯೋಜನವಾಗಲಿಲ್ಲ. ಲಿಫ್ಟ್ ಜಾಗ ಮಾಡುವುದು ಮೇಲಕ್ಕೆ, ತಿರುವಿನಲ್ಲಿ ತಾಗುವುದು ಹಿಂದೆ ಮುಂದೆ.

ಹಾಗಾಗಿ ಬಿಲ್ ಮಾಡಿಸುವ ಮುಂಚೆ ಮೂರು ನಂಬರ್ ಕೇಳಿ: ಪಿಸಿಡಿ, ಆಫ್‌ಸೆಟ್, ನಡುವಿನ ತೂತಿನ ಅಳತೆ. ತೂತು ಹಬ್‌ಗಿಂತ ದೊಡ್ಡದಿದ್ದರೆ ಅದಕ್ಕೆ ಸರಿಯಾದ ಹಬ್ ರಿಂಗ್ ಹಾಕಬೇಕು, ಇಲ್ಲದಿದ್ದರೆ 80ರ ಮೇಲೆ ಗಾಡಿ ನಡುಗಬಹುದು. ಸ್ಪೇಸರ್ ಹಾಕಿಸಿ ಚಕ್ರ ಹೊರಗೆ ತರುವ ಮಾತು ಬಂದರೆ ಬೇಡ ಅನ್ನಿ.

ಕಾನೂನು, ಇನ್ಶೂರೆನ್ಸ್

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರ ಬದಲಾಗುವ ಹಾಗೆ ಗಾಡಿ ಮಾರ್ಪಾಡು ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು ಎಂದು ಬಂತು. ಕಟ್ಟುನಿಟ್ಟಾಗಿ ನೋಡಿದರೆ ಕಂಪನಿ ಅದೇ ಮಾಡೆಲ್‌ಗೆ ಒಪ್ಪಿದ ಸೈಜ್ ಮಾತ್ರ ನಿಶ್ಚಿಂತೆ. ಮಡ್‌ಗಾರ್ಡ್‌ನಿಂದ ಹೊರಗೆ ಚಾಚಿದ ಟೈರ್, ಎತ್ತಿದ ಬಾಡಿ ಚೆಕ್‌ಪೋಸ್ಟ್‌ನಲ್ಲಿ ಮೊದಲು ಕಣ್ಣಿಗೆ ಬೀಳುತ್ತವೆ. ಅಪಘಾತವಾದಾಗ ಇನ್ಶೂರೆನ್ಸ್ ಸರ್ವೇಯರ್ ನೋಡುವುದೂ ಅದನ್ನೇ. ಬದಲಾಯಿಸುವ ಮುಂಚೆ ಇನ್ಶೂರೆನ್ಸ್‌ನವರಿಗೆ ಬರೆದು ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ. ಸರ್ವಿಸ್‌ನವರ ಹತ್ತಿರ ವಾರಂಟಿ ಮಾತೂ ಆಡಿ. ಹಳದಿ ಬೋರ್ಡಿನ ಪಿಕಪ್ ಇದ್ದವರಿಗೆ ಎಫ್‌ಸಿ, ಅಂದರೆ ಆರ್‌ಟಿಒ ಫಿಟ್‌ನೆಸ್ ತಪಾಸಣೆ, ಇರುವುದರಿಂದ ಕಂಪನಿ ಸೈಜ್ ಬಿಟ್ಟು ಕದಲಲೇಬೇಡಿ.

ಹಾಕಿಸುವ ದಿನ

ಲೋಡ್ ಇಂಡೆಕ್ಸ್ ನೋಡಿ. ಸೈಜ್ ಆದ ಮೇಲೆ ಬರುವ ನಂಬರ್ ಅದು. 108 ಅಂದರೆ ಒಂದು ಟೈರ್ 1,000 ಕಿಲೋ ಹೊರುತ್ತದೆ, 110 ಅಂದರೆ 1,060, 112 ಅಂದರೆ 1,120. ಹಳೇ ಟೈರಿನಲ್ಲಿ ಎಷ್ಟಿದೆಯೋ ಅದಕ್ಕಿಂತ ಕಡಿಮೆ ಇರುವುದನ್ನು ತೆಗೆದುಕೊಳ್ಳಬೇಡಿ. ನೋಡೋಕೆ ದಪ್ಪ ಇದ್ದ ಮಾತ್ರಕ್ಕೆ ಜಾಸ್ತಿ ಹೊರುತ್ತದೆ ಅಂತಲ್ಲ. ಕಾಫಿ ಮೂಟೆ 50 ಕಿಲೋ ಲೆಕ್ಕದಲ್ಲಿ ಹಿಂದೆ ಏರುತ್ತಲೇ ಹೋಗುತ್ತದೆ. ಭಾರ ಬೀಳುವುದು ಹಿಂದಿನ ಎರಡರ ಮೇಲೆ. ಸೈಜ್‌ನ ಮುಂದೆ ಎಲ್‌ಟಿ (ಲೈಟ್ ಟ್ರಕ್) ಅಂತ ಇರುವ ಟೈರ್ ಆದರೆ, ಅದೇ ಭಾರಕ್ಕೆ ಮಾಮೂಲಿ ಟೈರಿಗಿಂತ ಜಾಸ್ತಿ ಗಾಳಿ ಬೇಕು. ಬಾಗಿಲ ಪಕ್ಕದ ಸ್ಟಿಕ್ಕರಿನ ಲೆಕ್ಕ ಅದಕ್ಕೆ ಹೊಂದುವುದಿಲ್ಲ. ಟೈರ್ ಕಂಪನಿಯ ಪಟ್ಟಿ ತೋರಿಸಿ ಅಂತ ಕೇಳಿ.

ಐದು ಕೊಳ್ಳಿ, ನಾಲ್ಕಲ್ಲ. ಸ್ಟೆಪ್ನಿ ಹಳೇ ಸೈಜ್‌ನದ್ದು ಉಳಿದರೆ ಪಂಕ್ಚರ್ ಆದ ದಿನ ಫೋರ್ ವೀಲ್ ಹಾಕುವಂತಿಲ್ಲ. ಈ ಗಾಡಿಗಳಲ್ಲಿ 4ಎಚ್, 4ಎಲ್ (ಫೋರ್ ವೀಲ್‌ನ ಮಾಮೂಲಿ ಮತ್ತು ನಿಧಾನದ ಗೇರ್) ಹಾಕಿದಾಗ ಮುಂದಿನ ಹಿಂದಿನ ಆಕ್ಸಲ್ ಬಿಗಿಯಾಗಿ ಜೋಡಿಕೊಳ್ಳುತ್ತವೆ. ಒಂದು ಚಕ್ರ ಗಿಡ್ಡ ಇದ್ದರೆ ಆ ಎಳೆದಾಟ ಗೇರುಗಳ ಮೇಲೆ ಬೀಳುತ್ತದೆ. ಪಂಕ್ಚರ್ ಆಗುವುದೂ ಫೋರ್ ವೀಲ್ ಬೇಕಾದ ಜಾಗದಲ್ಲೇ. ಐದನೆಯದನ್ನು ಗಾಡಿಯ ಅಡಿಯ ಸ್ಟೆಪ್ನಿ ಜಾಗಕ್ಕೆ ಅಂಗಡಿಯಲ್ಲೇ ಏರಿಸಿ ನೋಡಿ. 803ರದ್ದು ನನ್ನ ಗಾಡಿಯಲ್ಲಿ ಸರಿಯಾಗಿ ಕೂರಲಿಲ್ಲ, ಹಿಂದೆ ಬೆಡ್ಡಿನಲ್ಲಿ ಹಾಕಿಕೊಂಡು ಓಡಾಡಿದೆ. 774ರದ್ದು ಕೂತಿತು.

ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಅವತ್ತೇ ಆಗಲಿ. ಆಮೇಲೆ ಖಾಲಿ ಜಾಗಕ್ಕೆ ಹೋಗಿ ಸ್ಟೇರಿಂಗ್ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಮುಂದಕ್ಕೂ ರಿವರ್ಸಿಗೂ ಓಡಿಸಿ. ಒಂದು ಚಕ್ರವನ್ನು ಹಂಪಿನ ಮೇಲೆ ಹತ್ತಿಸಿ ಇನ್ನೊಮ್ಮೆ ತಿರುಗಿಸಿ. ಉಜ್ಜುವ ಸದ್ದು ಬಂದರೆ ಅಂಗಡಿಯಿಂದ ಹೊರಡುವ ಮುಂಚೆಯೇ ಹೇಳಿ. ಹೊಸ ರಿಮ್ ಹಾಕಿದ ಮೇಲೆ 50ರಿಂದ 100 ಕಿಲೋಮೀಟರ್ ಒಳಗೆ ನಟ್‌ಗಳನ್ನು ಟಾರ್ಕ್ ರೆಂಚಿನಲ್ಲಿ ಇನ್ನೊಂದು ಸಲ ಬಿಗಿ ಮಾಡಿಸಿ. ಮೂಡಿಗೆರೆಯಲ್ಲಿ ಹಾಕಿಸಿ ಅದೇ ದಿನ ಚಾರ್ಮಾಡಿ ಇಳಿಯುವ ಯೋಚನೆ ಇದ್ದರೆ, ಕೊಟ್ಟಿಗೆಹಾರದಲ್ಲಿ ಗಾಡಿ ನಿಲ್ಲಿಸಿ ಒಮ್ಮೆ ನಟ್ ನೋಡಿಕೊಂಡೇ ಇಳಿಯಿರಿ.